‘ಪುಟ್ನಂಜ’ದ ಅಜ್ಜಿಗೆ ಆಗ ವಯಸ್ಸೆಷ್ಟು?

ತುಮಕೂರಿನ ಓದುಗರೊಬ್ಬರ ಪ್ರಶ್ನೆ: “‘ಪುಟ್ನಂಜ’ದಲ್ಲಿ ರವಿಚಂದ್ರನ್ ಅವರ ಅಜ್ಜಿಯಾಗಿ ಮಾಡಿದಾಗ ಉಮಾಶ್ರೀ ಅವರಿಗೆ ನಿಜಕ್ಕೂ ಅಷ್ಟು ವಯಸ್ಸಾಗಿತ್ತಾ?”

ಇಲ್ಲ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ನಿಮ್ಮದೇ ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಸಿನಿಮಾ ಬಂದಿದ್ದು 1995ರಲ್ಲಿ. ಅಂದರೆ ಆಗ 38ರ ಆಸುಪಾಸು. ರವಿಚಂದ್ರನ್ 1961ರವರು, ಹಾಗಾಗಿ ಅಜ್ಜಿಗೂ ಮೊಮ್ಮಗನಿಗೂ ನಡುವೆ ಬರೀ ನಾಲ್ಕು ವರ್ಷ! ತಮಾಷೆ ನೋಡಿ, 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ, ಅರವತ್ತು ದಾಟಿದ ಮೇಲೆ, ಅವರು ಮೆಸ್ ನಡೆಸುವ ತಾಯಿ.

ಹಾಗಾದರೆ ‘ಪುಟ್ನಂಜ’ದ ಆ ಅಜ್ಜಿ, ಪುಟ್ಮಲ್ಲಿ, ಅಷ್ಟು ನಿಜ ಅನ್ನಿಸಿದ್ದು ಹೇಗೆ? ಬಿಳಿ ಕೂದಲು ಯಾರಿಗೆ ಬೇಕಾದರೂ ಅಂಟಿಸಬಹುದು. ನಡಿಗೆ, ದನಿ ಅಂಟಿಸೋಕಾಗಲ್ಲ. ಅದು ನಾಟಕದಿಂದ ಬಂದಿದ್ದು. ದೇವನೂರ ಮಹಾದೇವ ಅವರ ‘ಒಡಲಾಳ’ ಕಾದಂಬರಿಯನ್ನು ನಾಟಕ ನಿರ್ದೇಶಕ ಸಿಜಿಕೆ (ಸಿ.ಜಿ. ಕೃಷ್ಣಸ್ವಾಮಿ) ರಂಗಕ್ಕೆ ತಂದಾಗ ಸಾಕವ್ವ ಆಗಿದ್ದು ಉಮಾಶ್ರೀ. ಕಳೆದುಹೋದ ಹುಂಜ ಹುಡುಕಿಕೊಂಡು ಊರೆಲ್ಲ ಅಲೆಯುವ ಮುದುಕಿ ಅವಳು. ರಂಗದ ಮೇಲೆ ಕ್ಲೋಸಪ್ ಇಲ್ಲ ಅಲ್ವಾ, ಕೊನೇ ಸಾಲಿನಲ್ಲಿ ಕೂತವನಿಗೂ ಮುದುಕಿಯ ಸಿಟ್ಟು, ಹಸಿವು, ಮೊಮ್ಮಕ್ಕಳ ಮೇಲಿನ ಅಕ್ಕರೆ ಎಲ್ಲ ಬರೀ ಮೈಯಲ್ಲೇ ಕಾಣಬೇಕು, ಬಗ್ಗಿದ ಬೆನ್ನಲ್ಲಿ, ಕಾಲು ಎಳೆಯೋದರಲ್ಲಿ, ಉಸಿರು ಎಲ್ಲಿ ಕಡಿದು ಎಲ್ಲಿ ಕೂಗಬೇಕು ಅನ್ನೋದರಲ್ಲಿ. ಇಷ್ಟು ಮಾಡಿದವರಿಗೆ ಕ್ಯಾಮೆರಾ ಮುಂದೆ ಅಜ್ಜಿಯಾಗೋದು ದೊಡ್ಡ ವಿಷಯವೇನಲ್ಲ.

ಸಿನಿಮಾದವರು ಮಾತ್ರ ಇದನ್ನು ಜಾಸ್ತಿ ಬಳಸಿಕೊಳ್ಳಲಿಲ್ಲ ಅನ್ನೋದು ನನ್ನ ತಕರಾರು. ಕಾಶಿನಾಥ್ ಅವರ ‘ಅನುಭವ’ದಲ್ಲಿ (1984) ಜನ ಉಮಾಶ್ರೀ ಅವರನ್ನು ಗುರುತಿಸಿದರು. ಆಮೇಲೆ ಹಾಸ್ಯನಟ ಎನ್.ಎಸ್. ರಾವ್ ಜೊತೆ ಜೋಡಿ, ಡಬಲ್ ಮೀನಿಂಗ್ ಮಾತು, ಶಿಳ್ಳೆ. ನಗಿಸುವ ಟೈಮಿಂಗ್ ಇತ್ತು, ಸುಳ್ಳಲ್ಲ. ಆದರೆ ಒಂದು ಪಾತ್ರ ಓಡಿದರೆ ಅದನ್ನೇ ಇನ್ನೊಂದು ಸೀರೆ ಉಡಿಸಿ ಮತ್ತೆ ತರೋದು ಗಾಂಧಿನಗರದ ಹಳೇ ಚಾಳಿ. ಪೋಷಕ ನಟಿಯರಿಗಂತೂ ಆರಿಸೋ ಅವಕಾಶವೇ ಕಮ್ಮಿ. (ಹಾಸ್ಯಕ್ಕೆ ಹೆಸರಾದ ನರಸಿಂಹರಾಜು ಕೂಡ ತಿಪಟೂರಿನವರೇ. ಆ ಕಡೆ ನೀರಲ್ಲೇ ಏನೋ ಇದೆ.)

ಇಡೀ ಸಿನಿಮಾ ಉಮಾಶ್ರೀ ಅವರ ಹೆಗಲಿಗೆ ಬಿದ್ದಿದ್ದು 50 ದಾಟಿದ ಮೇಲೆ. ವೈದೇಹಿ ಅವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’. ಗುಲಾಬಿ ಕರಾವಳಿಯ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೊಂದು ಟಿವಿ, ಡಿಶ್ ಬರುತ್ತದೆ, ಅದರ ಹಿಂದೆಯೇ ಕೇರಿಯ ಹೆಂಗಸರು ಬರುತ್ತಾರೆ. ಜೋರು ಮಾತಿನಿಂದಲೇ ಹೆಸರಾದ ನಟಿ ಇಲ್ಲಿ ದನಿ ತಗ್ಗಿಸಿ, ಸುಮ್ನೆ ಕೂತು ಪರದೆ ನೋಡುತ್ತಲೇ ಎಷ್ಟೋ ಹೇಳುತ್ತಾರೆ. ತಿಪಟೂರು ಸೀಮೆಯ ಮಾತಿನ ಧಾಟಿಯೂ ಇಲ್ಲ. ಇದಕ್ಕೆ 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಪೋಷಕ ನಟಿ ಅಂತಲ್ಲ, ಅತ್ಯುತ್ತಮ ನಟಿ ಅಂತಲೇ.