ಮಾತ್ರೆ ಮುಟ್ಟದ ಜಾಗ: ಸ್ಕಿಜೋಫ್ರೇನಿಯಾ ಮತ್ತು ಕಂಪ್ಯೂಟರ್ ಅಭ್ಯಾಸ

ಸ್ಕಿಜೋಫ್ರೇನಿಯಾ ಇರುವವರ ಮನೆಗಳಲ್ಲಿ ಈ ದೂರು ಸಾಮಾನ್ಯ. ಮಾತ್ರೆ ಶುರುವಾದ ಮೇಲೆ ಕಿವಿಗೆ ಕೇಳುತ್ತಿದ್ದ ದನಿಗಳು ನಿಂತಿವೆ. ಅನುಮಾನ ಕಡಿಮೆಯಾಗಿದೆ. ನಿದ್ದೆಯೂ ಬರುತ್ತಿದೆ. ಆದರೂ ಅಂಗಡಿಗೆ ಕಳಿಸಿದರೆ ಮೂರು ಸಾಮಾನಿನಲ್ಲಿ ಎರಡು ಮರೆತುಹೋಗುತ್ತವೆ. ಕೆಲಸಕ್ಕೆ ಸೇರಿದರೆ ಕೆಲವೇ ದಿನ. 'ಕಾಯಿಲೆ ವಾಸಿಯಾಯ್ತಲ್ಲ, ಈಗಿರೋದು ಬರೀ ಸೋಮಾರಿತನ' ಅಂತ ಮನೆಯವರು ತೀರ್ಮಾನಿಸಿಬಿಡುತ್ತಾರೆ.

ಈ ತೀರ್ಮಾನ ತಪ್ಪು, ಇದರಿಂದ ತುಂಬ ಜನ ಸುಮ್ನೆ ಬೈಸಿಕೊಂಡಿದ್ದಾರೆ. ಗಮನ, ನೆನಪು, ಮುಂದಿನದನ್ನು ಯೋಚಿಸಿ ಹೆಜ್ಜೆ ಇಡುವ ಶಕ್ತಿ ಕುಂದುವುದು ಕಾಯಿಲೆಯದೇ ಭಾಗ.

ವೈದ್ಯರಿಗೆ ಇದು ಹೊಸ ವಿಷಯ ಏನಲ್ಲ. 1890ರ ದಶಕದಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಈ ಕಾಯಿಲೆಯನ್ನು ವಿವರಿಸುವಾಗ ಯೋಚನಾಶಕ್ತಿ ಕುಗ್ಗುವುದನ್ನೇ ಮುಖ್ಯ ಲಕ್ಷಣ ಎಂದಿದ್ದ. ಆದರೆ 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂತು. ದನಿಗಳು, ಭ್ರಮೆಗಳು ಔಷಧಿಗೆ ಬಗ್ಗಿದವು. ಆಮೇಲೆ ಎಲ್ಲರ ಕಣ್ಣೂ ಆ ಲಕ್ಷಣಗಳ ಮೇಲೇ ನೆಟ್ಟಿತು. ಔಷಧಿಗೆ ಬಗ್ಗದ ನೆನಪು, ಗಮನದ ತೊಂದರೆ ಹಿಂದಕ್ಕೆ ಸರಿಯಿತು.

ಅದನ್ನು ಮತ್ತೆ ಮುಂದಕ್ಕೆ ತಂದಿದ್ದು ಇಸ್ಪೀಟಿನಂಥ ಎಲೆಗಳ ಒಂದು ಪರೀಕ್ಷೆ. ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆ ಅಂತ ಹೆಸರು. ಎಲೆಗಳ ಮೇಲೆ ಬೇರೆ ಬೇರೆ ಬಣ್ಣದ, ಆಕಾರದ ಚಿತ್ರಗಳಿರುತ್ತವೆ. ಯಾವ ನಿಯಮದ ಪ್ರಕಾರ ಜೋಡಿಸಬೇಕು ಅಂತ ಯಾರೂ ಹೇಳುವುದಿಲ್ಲ. 'ಸರಿ' ಅಥವಾ 'ತಪ್ಪು' ಅಂತ ಮಾತ್ರ ಹೇಳುತ್ತಾರೆ. ನಿಯಮ ಹೊಳೆಯಿತು ಅನ್ನುವಷ್ಟರಲ್ಲಿ ಸದ್ದಿಲ್ಲದೆ ಅದನ್ನು ಬದಲಿಸುತ್ತಾರೆ. ಸ್ಕಿಜೋಫ್ರೇನಿಯಾ ಇರುವ ಅನೇಕರು ಹಳೆಯ ನಿಯಮವನ್ನೇ ಹಿಡಿದು ಕೂರುತ್ತಾರೆ. 1987ರಲ್ಲಿ ಅಮೆರಿಕದ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಒಂದೊಂದು ಎಲೆಗೂ ಹೇಳಿಕೊಟ್ಟು ನೋಡಿದರು. ಹೇಳಿಕೊಡುವಾಗ ರೋಗಿಗಳು ಸರಿ ಮಾಡಿದರು, ಹೇಳಿಕೊಡುವುದನ್ನು ನಿಲ್ಲಿಸಿದ ಕೂಡಲೇ ಮತ್ತೆ ತಪ್ಪು. ಇವರಿಗೆ ಕಲಿಸುವುದು ಕಷ್ಟ ಅನ್ನುವ ನಿರಾಸೆ ಹರಡಿತು. ಮೂರೇ ವರ್ಷದಲ್ಲಿ ಬೆಲ್ಲಾಕ್ ತಂಡ ಬೇರೆಯದನ್ನೇ ತೋರಿಸಿತು. ಹೇಳಿಕೊಡುವ ರೀತಿ ಸರಿಯಿದ್ದು, ಜೊತೆಗೆ ಉತ್ತೇಜನವೂ ಇದ್ದರೆ ಕಲಿಯುತ್ತಾರೆ. ಇಡೀ ಕಥೆ ತಿರುಗಿದ್ದು ಇಲ್ಲಿಂದ ಅಂತ ನನಗನ್ನಿಸುತ್ತದೆ. ಇವರು ಕಲಿಯಬಲ್ಲರಾ ಅನ್ನುವ ಪ್ರಶ್ನೆ ಹೋಗಿ, ಹೇಗೆ ಕಲಿಸಬೇಕು ಅನ್ನುವ ಪ್ರಶ್ನೆ ಬಂತು.

1996ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಗ್ರೀನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲಸ, ಗೆಳೆತನ, ದಿನದ ಬದುಕು ಎಷ್ಟು ಸಾಗುತ್ತದೆ ಅನ್ನುವುದಕ್ಕೂ ಗಮನ, ನೆನಪಿನ ಬಲಕ್ಕೂ ನಂಟು ಇರುವುದು ಎದ್ದು ಕಂಡಿತು.

ಅಷ್ಟರಲ್ಲಿ ಕಂಪ್ಯೂಟರ್ ಅಗ್ಗವಾಗಿತ್ತು. ಗಮನ, ನೆನಪನ್ನು ಅಭ್ಯಾಸದಿಂದ ಬಲಪಡಿಸುವ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಬೇಸರಿಸದೆ ಒಂದೇ ಅಭ್ಯಾಸವನ್ನು ಮತ್ತೆ ಮತ್ತೆ ಕೊಡುತ್ತದೆ. ಸರಿಯಾದರೆ ಸ್ವಲ್ಪ ಕಷ್ಟ ಮಾಡುತ್ತದೆ, ತಪ್ಪಿದರೆ ಸುಲಭ ಮಾಡುತ್ತದೆ. ತಪ್ಪಾಯಿತು ಅಂತ ಮುಖ ಸಿಂಡರಿಸುವುದಿಲ್ಲ. ಜೀವನವಿಡೀ ಬೈಸಿಕೊಂಡವರಿಗೆ ಇದೂ ದೊಡ್ಡದೇ ಅಲ್ವಾ? ನ್ಯೂಯಾರ್ಕ್‌ನಲ್ಲಿ ಆಲಿಸ್ ಮೆಡಾಲಿಯಾ ಮಕ್ಕಳ ಕಲಿಕೆಗೆಂದು ಮಾರುಕಟ್ಟೆಯಲ್ಲಿ ಸಿಗುತ್ತಿದ್ದಂಥ ಸಾಫ್ಟ್‌ವೇರನ್ನೇ ಬಳಸಿದರು. ಆಟದಲ್ಲಿ ಆಸಕ್ತಿ ಹುಟ್ಟಿದರೆ ಕಲಿಕೆ ತಾನಾಗಿ ಬರುತ್ತದೆ ಅನ್ನುವುದು ಅವರ ನಂಬಿಕೆ. ಪಿಟ್ಸ್‌ಬರ್ಗ್‌ನಲ್ಲಿ ಗೆರಾರ್ಡ್ ಹೊಗಾರ್ಟಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕಂಪ್ಯೂಟರ್ ಮುಂದೆ ಕೂರಿಸಿದರು. ಒಬ್ಬರಿಗೊಬ್ಬರು ಒತ್ತಾಸೆ. ಅದರ ಜೊತೆ, ಎದುರಿನವರ ಮನಸ್ಸನ್ನು ಅರಿಯುವ ಗುಂಪು ತರಗತಿಗಳು. 121 ಜನರೊಂದಿಗೆ ಎರಡು ವರ್ಷ ನಡೆದ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಯೋಚಿಸುವ ವೇಗದಲ್ಲೂ ಜನರೊಡನೆ ಬೆರೆಯುವುದರಲ್ಲೂ ಸುಧಾರಣೆ ಕಂಡಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅಮೆರಿಕದ ಸಂಶೋಧಕಿ ಸೂಸನ್ ಮೆಕ್‌ಗರ್ಕ್ ನಡೆಸಿದ ಅಧ್ಯಯನ. ಹಿಂದೆ ಕೆಲಸಕ್ಕೆ ಸೇರಿ ನಿಲ್ಲಲಾಗದೆ ಹೋದ 44 ಜನರನ್ನು ಅವರು ಆರಿಸಿಕೊಂಡರು. ಎಲ್ಲರಿಗೂ ಕೆಲಸ ಹುಡುಕಿಕೊಡುವ ನೆರವಿತ್ತು. ಅರ್ಧದಷ್ಟು ಜನಕ್ಕೆ ಮಾತ್ರ ಕಂಪ್ಯೂಟರ್ ಅಭ್ಯಾಸವೂ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಅಭ್ಯಾಸ ಮಾಡಿದವರೇ ಜಾಸ್ತಿ ಗಂಟೆ ದುಡಿದರು, ಜಾಸ್ತಿ ಸಂಪಾದಿಸಿದರು.

ಸುಮ್ನೆ ಆಟ ಆಡಿಸಿದರೆ ಸಾಲದು ಅನ್ನುವುದನ್ನು ದೊಡ್ಡ ಲೆಕ್ಕಾಚಾರಗಳೂ ಹೇಳಿದವು. 2011ರಲ್ಲಿ ಲಂಡನ್‌ನ ಟಿಲ್ ವೈಕ್ಸ್ ತಂಡ 40 ಅಧ್ಯಯನಗಳನ್ನು, 2021ರಲ್ಲಿ ಇಟಲಿಯ ಆಂಟೊನಿಯೊ ವೀಟಾ ತಂಡ 130 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವು. ಲಾಭ ನಿಜ, ಆದರೆ ಪವಾಡ ಅಲ್ಲ. ಪಕ್ಕದಲ್ಲಿ ತರಬೇತಾದ ಚಿಕಿತ್ಸಕರು ಇದ್ದಾಗ, ಉಪಾಯಗಳನ್ನು ಹೇಳಿಕೊಟ್ಟಾಗ, ಕೆಲಸ ಅಥವಾ ಪುನರ್ವಸತಿಯ ಜೊತೆ ನಡೆದಾಗ ಲಾಭ ಹೆಚ್ಚು. 'ಮಿದುಳು ಚುರುಕು ಮಾಡುತ್ತೇವೆ' ಎನ್ನುವ ಆಪ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಪುರಾವೆ ಇಲ್ಲದ ಜಾಹೀರಾತಿನ ಆರೋಪ ಬಂದಾಗ ಲುಮೋಸಿಟಿ ಕಂಪನಿ 2016ರಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು.

ಮಾತ್ರೆಯ ದಾರಿ ಇನ್ನೂ ತೆರೆದಿಲ್ಲ. ನೆನಪು, ಗಮನಕ್ಕೆಂದೇ ತಯಾರಾದ ಐಕ್ಲೆಪರ್ಟಿನ್ ಮೇಲೆ ಬಹಳ ಆಸೆ ಇತ್ತು. 2025ರ ಜನವರಿಯಲ್ಲಿ ಅದೂ ಕೊನೆಯ ಹಂತದ ಪರೀಕ್ಷೆಗಳಲ್ಲಿ ಸೋತಿತು. ಅಭ್ಯಾಸಕ್ಕೆ ಬೆಲೆ ಇನ್ನೂ ಜಾಸ್ತಿಯಾಗಿರುವುದು ಅದಕ್ಕೇ.

ನಮ್ಮಲ್ಲೂ ಇದಕ್ಕೆ ನೆಲೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು ತಲೆಗೆ ಪೆಟ್ಟು ಬಿದ್ದವರಿಗಾಗಿ ರೂಪಿಸಿದ ಅಭ್ಯಾಸಗಳಲ್ಲಿ ಬೆರೆಸಿದ ಕಾಳುಗಳನ್ನು ಬೇರ್ಪಡಿಸುವುದೂ ಇತ್ತು. ಆಮೇಲೆ ಸ್ಕಿಜೋಫ್ರೇನಿಯಾ ಮೊದಲ ಬಾರಿ ಕಾಣಿಸಿಕೊಂಡವರಿಗೆ ಮನೆಯಲ್ಲೇ ಎರಡು ತಿಂಗಳು ಮಾಡುವ ಅಭ್ಯಾಸಕ್ರಮವನ್ನು ಅಲ್ಲಿ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಲಾಭ ಕಂಡಿತು. ಕಂಪ್ಯೂಟರ್ ಬೇಕಿಲ್ಲ, ಊರಿಂದ ಊರಿಗೆ ಓಡಾಡಬೇಕಿಲ್ಲ. ಮನೆಯವರು ಪಕ್ಕದಲ್ಲಿ ಕೂರಬೇಕು, ಅಷ್ಟೆ.

ಆದರೆ ಇದು ತಲುಪಬೇಕಾದವರಲ್ಲಿ ಬಹುತೇಕರು ಆಸ್ಪತ್ರೆಯನ್ನೇ ತಲುಪಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಸುಮಾರು ಮುಕ್ಕಾಲು ಭಾಗ ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಚಿಕಿತ್ಸೆಯಲ್ಲಿ ಇರುವವರ ಮನೆಯವರು ಮುಂದಿನ ಸಲ ವೈದ್ಯರ ಬಳಿ ಹೋದಾಗ ಮಾತ್ರೆಯ ಜೊತೆ ಇನ್ನೊಂದನ್ನೂ ಕೇಳಬಹುದು: ನೆನಪು ಮತ್ತು ಗಮನದ ಪರೀಕ್ಷೆ ಇಲ್ಲಿ ಮಾಡುತ್ತೀರಾ, ಅಭ್ಯಾಸ ಹೇಳಿಕೊಡುವವರು ಯಾರಿದ್ದಾರೆ?