ಮ್ಯಾಗ್ನೆಟ್ ಡ್ರಿಲ್ಲು, ಕೋರ್ ಕಟರ್ರು, ಮಧ್ಯದ ಆ ಪಿನ್ನು

ಮ್ಯಾಗ್ನೆಟ್ ಡ್ರಿಲ್ ಅಂದ್ರೆ ಕರೆಂಟ್ ಮ್ಯಾಗ್ನೆಟ್‌ನಿಂದ ಕಬ್ಬಿಣಕ್ಕೆ ಅಂಟಿ ನಿಂತು ತೂತು ಹಾಕೋ ಮೆಷಿನ್. ಅದಕ್ಕೆ ಹಾಕೋ ಕಟರಿಗೆ ನಮ್ಮ ಶೆಡ್‌ನಲ್ಲಿ ಕೋರ್ ಕಟರ್ ಅಂತಾರೆ, ಕ್ಯಾಟಲಾಗ್‌ನಲ್ಲಿ ಆನ್ಯುಲರ್ ಕಟರ್, ಇನ್ನು ಕೆಲವರ ಬಾಯಲ್ಲಿ ಬ್ರೋಚ್ ಕಟರ್, ಮೂರೂ ಒಂದೇ. ಮಾಮೂಲಿ ಡ್ರಿಲ್ ಬಿಟ್ ಆದ್ರೆ ತೂತಿನ ಕಬ್ಬಿಣನೆಲ್ಲ ಪುಡಿ ಮಾಡುತ್ತೆ, ಇದು ಸುತ್ತಲೂ ಉಂಗುರದ ಹಾಗೆ ಕೊರೆದು ಮಧ್ಯದ್ದನ್ನ ಇಡೀ ಬಿಲ್ಲೆ ಮಾಡಿ ಬೀಳಿಸುತ್ತೆ. ಎಂ20 (20 ಎಂಎಂ ದಪ್ಪದ) ಬೋಲ್ಟಿಗೆ 22 ಎಂಎಂ ತೂತು ಹಾಕಿದಾಗ ಬಂದ ಬಿಲ್ಲೆ ವರ್ನಿಯರ್‌ನಲ್ಲಿ 14 ಚಿಲ್ಲರೆ ಬಂತು. ಅಂದ್ರೆ ಹತ್ರತ್ರ 40% ಕಬ್ಬಿಣ ಕೊರೆಯೋ ಕೆಲಸನೇ ಇಲ್ಲ.

ಕಟರ್ ಹಾಕೋದು ಸುಲಭ. ಮೆಷಿನ್ ಒಳಗೆ ಹೋಗೋ ಕಟರಿನ ಹಿಡಿ 19.05 ಎಂಎಂ ವೆಲ್ಡನ್ ಶ್ಯಾಂಕ್, ಅದರಲ್ಲಿ ಎರಡು ಚಪ್ಪಟೆ ಜಾಗ, ಸ್ಕ್ರೂ ಎರಡೂ ಅದರ ಮೇಲೇ ಕೂರೋ ಹಾಗೆ ಆಲನ್ ಕೀಯಿಂದ ಬಿಗಿ ಮಾಡಿ.

ಈಗ ನಾನು ಎಡವಿದ್ದು. ಪೈಲಟ್ ಪಿನ್, ಅಂದ್ರೆ ಕಟರಿನ ಮಧ್ಯದಲ್ಲಿ ಕೂರೋ ಪಿನ್ನು. ಹೆಸರು ಕೇಳಿ, ಇದು ಮೊದಲು ಸಣ್ಣ ತೂತು ಹಾಕುತ್ತೆ ಆಮೇಲೆ ಕಟರ್ ದೊಡ್ಡದು ಮಾಡುತ್ತೆ ಅಂದ್ಕೊಂಡಿದ್ದೆ. ತಪ್ಪು! ಅದಕ್ಕೆ ಕೊರೆಯೋ ಅಲಗೇ ಇಲ್ಲ, ಬರೀ ಕಡ್ಡಿ. ಕೂಲಂಟ್ (ಕಟರ್ ತಣ್ಣಗಿಡೋ ದ್ರವ) ಬಾಟಲಿಯ ನಲ್ಲಿ ತಿರುಗಿಸಿದೆ, ಒಂದು ಹನಿನೂ ಬರ್ಲಿಲ್ಲ, ಪೈಪ್ ಕಟ್ಟಿದೆ ಅಂತ ಬಿಚ್ಚಿ ಊದಿದೆ, ಮತ್ತೆ ಹಾಕಿದೆ, ಆಗ್ಲೂ ಇಲ್ಲ. ಮೇಸ್ತ್ರಿ ಬಂದು "ಪಿನ್ನು ಒತ್ತಿ ನೋಡಪ್ಪ" ಅಂದ್ರು. ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿದ ತಕ್ಷಣ ಕೈಮೇಲೆಲ್ಲ ಬೆಳ್ಳಗೆ ಸುರೀತು (ಮೆಷಿನ್ ಆಫ್ ಇದ್ದಾಗ ಮಾತ್ರ ಇದನ್ನ ಮಾಡಿ).

ವಿಷಯ ಏನಂದ್ರೆ ಪಿನ್ ಮೇಲೆ ಸ್ಪ್ರಿಂಗ್ ಇದೆ. ಪಿನ್ ತುದಿ ಹಲ್ಲಿಗಿಂತ ಸ್ವಲ್ಪ ಕೆಳಗೆ ಇಳಿದಿರುತ್ತೆ, ಅದನ್ನ ಸೆಂಟರ್ ಪಂಚ್ ಗುಳಿಗೆ (ತೂತಿನ ಮಧ್ಯಕ್ಕೆ ಗುರುತಿಗೆ ಹೊಡೆದ ಸಣ್ಣ ಗುಂಡಿ) ಕೂರಿಸ್ತೀವಿ, ಜಾಗ ಸರಿ ಸಿಗ್ತು. ಕಟರ್ ಇಳೀತಾ ಹೋದಂಗೆ ಪ್ಲೇಟು ಪಿನ್ನನ್ನ ಮೇಲಕ್ಕೆ ತಳ್ಳುತ್ತೆ, ಆಗ ಒಳಗಿನ ದಾರಿ ತೆರ್ಕೊಂಡು ಪಿನ್ನಿನ ಚಪ್ಪಟೆ ಬದಿಯಿಂದ ಕೂಲಂಟ್ ನೇರ ಹಲ್ಲಿಗೆ ಇಳಿಯುತ್ತೆ. ತೂತು ಮುಗೀತು ಅಂದ್ರೆ ಅದೇ ಸ್ಪ್ರಿಂಗ್ ಬಿಲ್ಲೆನ ಟಣ್ ಅಂತ ಹೊರಗೆ ಎಸೆಯುತ್ತೆ. ಸೆಂಟರ್ ತೋರಿಸೋದು, ನೀರಿನ ನಲ್ಲಿ, ಬಿಲ್ಲೆ ತಳ್ಳೋದು, ಒಂದೇ ಕಡ್ಡಿಗೆ ಮೂರು ಕೆಲಸ. ಇದು ತಲೆಗೆ ಹೋದ್ಮೇಲೆ ಉಳಿದಿದ್ದೆಲ್ಲ ತಾನೇ ಅರ್ಥ ಆಯ್ತು: 50 ಎಂಎಂ ಆಳದ ಕಟರಿಗೆ 25 ಎಂಎಂ ಕಟರಿನ ಪಿನ್ ಹಾಕಿದ್ರೆ ತುದಿ ಹೊರಗೇ ಬರಲ್ಲ. ಎರಡು ಪ್ಲೇಟ್ ಒಂದರ ಮೇಲೊಂದು ಇಟ್ಟು ಕೊರೆದ್ರೆ ಮೊದಲನೇ ಬಿಲ್ಲೆ ಒಳಗೇ ಸಡಿಲ ಆಗಿ ತಿರುಗುತ್ತೆ, ಚಿಪ್ಸ್ (ಕೊರೆದ ಕಬ್ಬಿಣದ ಚೂರು) ಸಂದಿಗೆ ಸಿಕ್ಕಿ ಹಲ್ಲು ಹೋಗುತ್ತೆ. ಬಿಲ್ಲೆ ಸುಡ್ತಾ ಇರುತ್ತೆ, ಕೆಳಗೆ ಕೈ ಹಿಡೀಬೇಡಿ.

ಸ್ಪೀಡಿಗೆ ನನ್ನ ಲೆಕ್ಕ: 8000 ಭಾಗಿಸು ಕಟರಿನ ಎಂಎಂ ಸೈಜು, ಬರೋದು ನಿಮಿಷಕ್ಕೆ ಎಷ್ಟು ಸುತ್ತು ಅಂತ. ಮೈಲ್ಡ್ ಸ್ಟೀಲು, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರ್, ಹಲ್ಲಿನ ವೇಗ ನಿಮಿಷಕ್ಕೆ 25 ಮೀಟರ್, ಅಂದ್ರೆ 25000 ಎಂಎಂ ಹಿಡಿದ್ರೆ 25000 ಭಾಗಿಸು 3.14, ಅಂದ್ರೆ ಹೆಚ್ಚುಕಮ್ಮಿ 8000. 22ಕ್ಕೆ 364, 18ಕ್ಕೆ 444. ಮೆಷಿನ್‌ನಲ್ಲಿ ಅದಕ್ಕೆ ಹತ್ತಿರದ ಗೇರ್, ಅನುಮಾನ ಇದ್ರೆ ಕೆಳಗಿನದ್ದು. ಸ್ಟೇನ್‌ಲೆಸ್ ಆದ್ರೆ ಅರ್ಧಕ್ಕೆ ಇಳಿಸ್ತೀನಿ.

ಹ್ಯಾಂಡಲ್ ಶುರುವಲ್ಲಿ ಮೆತ್ತಗೆ, ಹಲ್ಲು ಕಚ್ಚಿದ್ಮೇಲೆ ಒಂದೇ ಸಮ ಒತ್ತಡ. ಡ್ರಿಲ್ ಬಿಟ್ಟಿನ ಅಭ್ಯಾಸದಲ್ಲಿ ಎತ್ತಿ ಇಳಿಸಿ ಮಾಡಿದ್ರೆ ಚಿಪ್ಸ್ ಹಲ್ಲಿನಡಿ ಬೀಳುತ್ತೆ.

ಮ್ಯಾಗ್ನೆಟ್: ತುಕ್ಕು, ಪೇಂಟು, ಚಿಪ್ಸ್ ಒರೆಸಿ ಕೂರಿಸಿ. ತೆಳು ಪ್ಲೇಟಲ್ಲಿ ಹಿಡಿತ ಕಮ್ಮಿ, 6 ಎಂಎಂ ಪ್ಲೇಟಿನ ಕೆಳಗೆ ನಾವು ಇನ್ನೊಂದು ದಪ್ಪ ಪ್ಲೇಟ್ ಕೊಡ್ತೀವಿ, ತೂತಿನ ಜಾಗ ಬಿಟ್ಟು. ಕರೆಂಟ್ ಹೋದ್ರೆ ಮ್ಯಾಗ್ನೆಟ್ಟೂ ಹೋಯ್ತು, ಅದಕ್ಕೇ ಮೆಷಿನ್ ಬೀಳದ ಹಾಗೆ ಕಟ್ಟೋ ಚೈನು. ಕಾಲಮ್ಮಿಗೆ ಅಡ್ಡ ಹಾಕಿ ಕೊರೆಯುವಾಗಂತೂ ಚೈನ್ ಕಟ್ಟದೆ ಸ್ವಿಚ್ ಮುಟ್ಟಲ್ಲ, ಆಗ ಬಾಟಲಿ ಕೂಲಂಟೂ ಸರಿಯಾಗಿ ಹಲ್ಲಿಗೆ ಬರಲ್ಲ, ಕಟರಿನ ಒಳಗೆ ಕಟಿಂಗ್ ಪೇಸ್ಟ್ ಬಳಿದುಕೊಂಡು ಹೋಗ್ಬೇಕು.