ಮಲಗಿದರೆ ತಿರುಗುವ ಕೋಣೆ: ಬಿಪಿಪಿವಿ ಟಿಪ್ಪಣಿ

ಬಿಪಿಪಿವಿ ಎಂದರೆ ಒಳಕಿವಿಯ ಹರಳು ಜಾರಿ, ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬರುವ ತಲೆಸುತ್ತು. ರೋಗಿ ‘ತಲೆಸುತ್ತು’ ಎಂದೊಡನೆ ಎಪ್ಲಿ, ಅಂದರೆ ತಲೆ ಹೊರಳಿಸಿ ಆ ಹರಳನ್ನು ಹೊರಜಾರಿಸುವ ಚಿಕಿತ್ಸೆ, ಮಾಡಲು ಹೊರಡುವುದು ನಮ್ಮಂಥ ಕಲಿಯುವವರ ಮೊದಲ ತಪ್ಪು. ನಾನೂ ಮಾಡಿದ್ದೇನೆ. ದೋಷವಿರುವ ಕಿವಿ ಯಾವುದು, ಅದರೊಳಗಿನ ನಾಳ ಯಾವುದು ಎಂದು ಗೊತ್ತಾಗದೆ ತಲೆ ಹೊರಳಿಸಿದರೆ ರೋಗಿಗೆ ವಾಂತಿ, ನಮಗೆ ಮುಖಭಂಗ.

ಮೊದಲು ಮಾತು ಬಿಡಿಸಿಕೊಳ್ಳಬೇಕು. ಉಪವಾಸದ ನಿತ್ರಾಣ, ಎದ್ದು ನಿಂತಾಗಿನ ಕಣ್ಣುಕತ್ತಲೆ, ಕೋಣೆಯೇ ಗಿರಗಿರ ತಿರುಗುವುದು, ಎಲ್ಲಕ್ಕೂ ನಮ್ಮಲ್ಲಿ ತಲೆಸುತ್ತು ಎಂಬ ಒಂದೇ ಹೆಸರು. ಪಿತ್ತವೆಂದು ನಿಂಬೆರಸ ಕುಡಿದು, ಬಿಪಿ ನೋಡಿಸಿಕೊಂಡು ಬಂದವರಿಗೆ ಎರಡು ಪ್ರಶ್ನೆ ಸಾಕು: ಯಾವಾಗ, ಎಷ್ಟು ಹೊತ್ತು? ‘ಮಗ್ಗುಲು ಬದಲಿಸಿದಾಗ’, ‘ಅಟ್ಟದ ಡಬ್ಬಿಗೆ ತಲೆ ಎತ್ತಿದಾಗ’, ‘ಅರೆ ನಿಮಿಷ’ ಎಂದರೆ ಬಿಪಿಪಿವಿಯ ವಾಸನೆ ಬಂದಂತೆ.

ಒಳಕಿವಿಯ ಪುಟ್ಟ ಚೀಲವಾದ ಯುಟ್ರಿಕಲ್‌ನಲ್ಲಿ ಲೋಳೆಯಂಥ ಪೊರೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳಿವೆ. ಅವು ಕಳಚಿ ಅರ್ಧವೃತ್ತಾಕಾರದ ನಾಳದೊಳಕ್ಕೆ ಜಾರುವುದೇ ರೋಗದ ಮೂಲ. ನಾಳದೊಳಗೆ ತಿರುವನ್ನು ಗ್ರಹಿಸುವ ಮೆತ್ತನೆಯ ಪರದೆ ಕ್ಯುಪುಲಾ. ಅದಕ್ಕೂ ಸುತ್ತಲಿನ ದ್ರವಕ್ಕೂ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆರೋಗ್ಯವಂತ ನಾಳಕ್ಕೆ ಗುರುತ್ವ ತಿಳಿಯದು, ತಿರುಗುವಿಕೆ ಮಾತ್ರ ತಿಳಿಯುತ್ತದೆ. ಭಾರದ ಹರಳು ಒಳಬಿದ್ದಾಗ ತಲೆ ನಿಂತರೂ ಹರಳು ಜಾರುತ್ತಲೇ ಇರುತ್ತದೆ. ಅದು ತಳ್ಳಿದ ದ್ರವ ಕ್ಯುಪುಲಾವನ್ನು ಬಾಗಿಸುತ್ತದೆ. ಮಿದುಳು ‘ತಿರುಗುತ್ತಿದ್ದೇನೆ’ ಎಂದು ನಂಬುತ್ತದೆ. ಡ್ರಿಪ್ ಟ್ಯೂಬಿನ ತುಂಡಿಗೆ ನೀರು, ಚಿಟಿಕೆ ಮರಳು ಹಾಕಿ ಬಳೆಯಂತೆ ಬಾಗಿಸಿ ಹಿಡಿದು ನೋಡಿ. ನನಗೆ ಚಿತ್ರಗಳಿಗಿಂತ ಅದರಿಂದಲೇ ಅರ್ಥವಾಯಿತು.

ಹೆಚ್ಚಿನ ಪ್ರಕರಣಗಳಲ್ಲಿ ಸಿಕ್ಕಿಬೀಳುವುದು ಹಿಂಬದಿಯ ನಾಳ. ಅದಕ್ಕೆ ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆಯಿದೆ. ಕಾಲು ಚಾಚಿ ಕೂತವರ ತಲೆಯನ್ನು 45 ಡಿಗ್ರಿ ಒಂದು ಬದಿಗೆ ತಿರುಗಿಸಿ, ಥಟ್ಟನೆ ಮಲಗಿಸಿ, ಕತ್ತು ಮಂಚದ ಅಂಚಿನಾಚೆ ಸುಮಾರು 20 ಡಿಗ್ರಿ ಇಳಿಯುವಂತೆ ಹಿಡಿಯಬೇಕು. ‘ಅಮ್ಮಾ, ಕಣ್ಣು ಮುಚ್ಚಬೇಡಿ’ ಎಂದು ಮೊದಲೇ ಹೇಳಿ, ಉತ್ತರವಿರುವುದು ಕಣ್ಣಿನಲ್ಲೇ. ಕೆಲವು ಸೆಕೆಂಡು ಏನೂ ಇರದು. ಆಮೇಲೆ ಕಣ್ಣು ಹಣೆಯ ಕಡೆಗೆ ಜಿಗಿಯುತ್ತಾ, ಅದರ ಮೇಲ್ತುದಿ ಕೆಳಗಿರುವ ಕಿವಿಯತ್ತ ತಿರುಚಿಕೊಳ್ಳುತ್ತದೆ. ಒಂದು ನಿಮಿಷದೊಳಗೆ ಅಡಗುತ್ತದೆ. ಕೆಳಗಿದ್ದ ಕಿವಿಯೇ ದೋಷಿ.

ಕಣ್ಣು ನೇರ ಕೆಳಮುಖವಾಗಿ ಜಿಗಿದರೆ, ಅಡಗದೇ ಉಳಿದರೆ, ಮಾತು ತೊದಲಿದರೆ, ಎರಡೆರಡು ಕಂಡರೆ, ನಡಿಗೆ ತೀರಾ ತಪ್ಪಿದರೆ ಕೈ ನಿಲ್ಲಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ಸಂಧಿವಾತದಿಂದ ಸಡಿಲವಾದ ಕತ್ತನ್ನೂ ಹೀಗೆ ಇಳಿಸಬಾರದು.

ಇನ್ನು ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮ. ಬಲಗಿವಿಯಾದರೆ ಪರೀಕ್ಷೆಯ ಭಂಗಿಯಿಂದಲೇ ಆರಂಭ. ಕತ್ತು ಇಳಿಸಿಕೊಂಡೇ ತಲೆಯನ್ನು 90 ಡಿಗ್ರಿ ಎಡಕ್ಕೆ ತಿರುಗಿಸಿ. ಆಮೇಲೆ ಎಡ ಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವಂತೆ ಮತ್ತೆ 90 ಡಿಗ್ರಿ. ಕೊನೆಗೆ ಗದ್ದ ಎದೆಗಿಟ್ಟು ಎಬ್ಬಿಸಿ. ಪ್ರತಿ ಭಂಗಿಯಲ್ಲೂ 30ರಿಂದ 60 ಸೆಕೆಂಡು, ನಿಸ್ಟಾಗ್ಮಸ್ (ಕಣ್ಣಿನ ಆ ಜಿಗಿತ) ಅಡಗುವವರೆಗಾದರೂ, ಕಾಯಬೇಕು. ನಾವು ತಿರುವನ್ನು ಚಿಕಿತ್ಸೆ ಎಂದುಕೊಂಡು ಕಾಯುವಲ್ಲಿ ಅವಸರಪಡುತ್ತೇವೆ. ಹರಳು ಜಾರುವುದು ಆ ಕಾಯುವ ಹೊತ್ತಿನಲ್ಲೇ. ಎರಡನೇ ಭಂಗಿಯಲ್ಲಿ ಕಣ್ಣು ಮೊದಲಿನ ದಿಕ್ಕಿಗೇ ಜಿಗಿದರೆ ಶುಭಸೂಚನೆ, ಹರಳು ನಾಳದ ಬಾಗಿಲ ಕಡೆ, ಯುಟ್ರಿಕಲ್‌ನತ್ತ, ಹೊರಟಿದೆ. ವಿರುದ್ಧ ದಿಕ್ಕಾದರೆ ಹಿಂದಕ್ಕೆ ಬರುತ್ತಿರಬಹುದು. ಎಬ್ಬಿಸುವಾಗ ಭುಜ ಬಿಡಬೇಡಿ, ಆಗಲೇ ಜೋಲಿ ಹೊಡೆಯುವವರಿದ್ದಾರೆ. ಪಕ್ಕದಲ್ಲೊಂದು ಬಕೆಟ್ ಇರಲಿ.

ಹರಳು ಹಿಂಬದಿಯ ನಾಳದ ಬದಲು ಅಡ್ಡನಾಳದಲ್ಲಿ ಸಿಕ್ಕಿದ್ದರೆ ಎಪ್ಲಿ ನಡೆಯದು. ಮಲಗಿದವರ ತಲೆಯನ್ನು ಆಚೀಚೆ ಹೊರಳಿಸಿ ಪರೀಕ್ಷಿಸಬೇಕು. ಚಿಕಿತ್ಸೆ ಆರೋಗ್ಯವಂತ ಕಿವಿಯ ಕಡೆಗೆ ಹಂತಹಂತವಾಗಿ ಉರುಳಿಸುವುದು. ಇದಕ್ಕೆ ಬೇರೆಯೇ ಟಿಪ್ಪಣಿ ಬೇಕು.

ಮನೆಗೆ ಕಳುಹಿಸುವಾಗ ‘ಎರಡು ದಿನ ಕುಳಿತೇ ನಿದ್ದೆ ಮಾಡಿ’ ಎಂಬ ಹಳೆಯ ಸಲಹೆ ಬೇಡ. ಅಮೆರಿಕದ ಇಎನ್‌ಟಿ ವೈದ್ಯರ 2017ರ ಮಾರ್ಗಸೂಚಿಯೂ ಅದನ್ನು ಕೈಬಿಡಲು ಹೇಳಿದೆ. ತಲೆಸುತ್ತಿನ ಮಾತ್ರೆ ಹರಳನ್ನು ಕದಲಿಸುವುದಿಲ್ಲ ಎಂಬುದನ್ನೂ ತಿಳಿಸಿ. ಮರುಪರೀಕ್ಷೆಯಲ್ಲಿ ಕಣ್ಣು ಶಾಂತವಾಗಿದ್ದರೂ ಕೆಲವರಿಗೆ ಒಂದಷ್ಟು ದಿನ ದೋಣಿಯಲ್ಲಿ ನಿಂತಂತಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ, ವಾಸಿಯಾದವರೇ ವಾಸಿಯಾಗಲಿಲ್ಲವೆಂದು ಹೆದರಿ ಮಲಗಿಬಿಡುತ್ತಾರೆ.